ಚರ್ಮ ತಾಳುವಷ್ಟು ಬೆಳಕು

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಕೊಡುವ ನೇರಳಾತೀತ ಬೆಳಕಿನ ಚಿಕಿತ್ಸೆಯಲ್ಲಿ ನುಂಗುವ ಗುಳಿಗೆಯಿಲ್ಲ, ಚುಚ್ಚುವ ಸೂಜಿಯಿಲ್ಲ. ಆದ್ದರಿಂದ ಅದನ್ನು ಪಡೆಯುವವರು, ಅವರ ಮನೆಯವರು, ಎಷ್ಟೋ ಸಲ ಬೇರೆ ಕಾಯಿಲೆಗೆ ಮದ್ದು ಕೊಡುವ ವೈದ್ಯರು ಕೂಡ ಅದನ್ನು ಔಷಧಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಬೆಳಕಿಗೂ ಪ್ರಮಾಣವಿದೆ. ರೋಗವನ್ನು ಇಳಿಸುವ ಪ್ರಮಾಣಕ್ಕೂ ಚರ್ಮವನ್ನು ಸುಡುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಕಿರಿದು. ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ, ಒಬ್ಬರಿಗೇ ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ರೀತಿ ಇರುತ್ತದೆ. ಮುಂಬೈಯ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಈ ಚಿಕಿತ್ಸೆ ಪಡೆದಾಗ ನನಗೆ ಮನವರಿಕೆಯಾದ ಮುಖ್ಯ ಸಂಗತಿಯೆಂದರೆ, ಆ ಅಂತರವನ್ನು ಕಾಯುವ ಕೆಲಸದಲ್ಲಿ ಅರ್ಧ ಪಾಲು ರೋಗಿಯದ್ದು ಎಂಬುದು. ದೀಪ ಹತ್ತಿಸುವ ಮೊದಲು ನಡೆಯುವ ಒಂದೆರಡು ನಿಮಿಷದ ಮಾತುಕತೆಯಷ್ಟು ಮಹತ್ವದ್ದು ಈ ಚಿಕಿತ್ಸೆಯಲ್ಲಿ ಇನ್ನೊಂದಿಲ್ಲ.

ನಾನು ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಕಿ. ಮನೆ ಡೊಂಬಿವಲಿಯಲ್ಲಿ, ಹುಟ್ಟೂರು ಕುಂದಾಪುರದ ಕಡೆ. ಮೊಣಕೈಗಳಲ್ಲಿ ಶುರುವಾದ ಕೆಂಪು ಮಚ್ಚೆಗಳು ವರ್ಷಗಳು ಕಳೆದಂತೆ ಬೆನ್ನು, ಸೊಂಟ, ಮೊಣಕಾಲುಗಳಿಗೆ ಹರಡಿದವು. ಚರ್ಮದ ಹೊರಪದರ ಹಳತಾಗಿ ಉದುರಿ ಹೊಸದು ಬರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಈ ರೋಗದಲ್ಲಿ ದೇಹದ ರಕ್ಷಣಾ ಕಣಗಳೇ ಕೆರಳಿ ಅದನ್ನು ಕೆಲವೇ ದಿನಗಳಿಗೆ ಇಳಿಸುವುದರಿಂದ, ಬಲಿಯದ ಪದರಗಳು ಒಂದರ ಮೇಲೊಂದು ಕೂತು ಬೆಳ್ಳಗಿನ ಹೊಟ್ಟಾಗಿ ಉದುರುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಪಕ್ಕದವರು ಸೆರಗು ಎಳೆದುಕೊಂಡು ಸರಿದು ಕೂತಾಗಲೆಲ್ಲ ಈ ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತಿತ್ತು. ಇಲ್ಲಿ ಬರೆದಾದರೂ ಹೇಳುತ್ತೇನೆ. ಮುಲಾಮುಗಳಿಂದ ಕಡಿಮೆಯಾಗುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ನಮ್ಮದೇ ಅಂಗೈ ಮತ್ತು ಬೆರಳುಗಳ ಅಗಲವನ್ನು ಮೈಯ ನೂರನೆಯ ಒಂದು ಭಾಗವೆಂದು ಹಿಡಿದು ಲೆಕ್ಕ ಹಾಕಿದ ಚರ್ಮರೋಗ ತಜ್ಞೆ, ಮಚ್ಚೆಗಳು ಮೈಯ ಹತ್ತನೆಯ ಒಂದು ಭಾಗವನ್ನು ದಾಟಿರುವುದರಿಂದ ಮುಲಾಮು ಹಚ್ಚಿ ಮುಗಿಸುವ ಹಂತ ಕಳೆದಿದೆ, ಬೆಳಕಿನ ಚಿಕಿತ್ಸೆಗೆ ಬನ್ನಿ ಎಂದರು.

ಬೆಳಕಿನಿಂದ ಚರ್ಮವನ್ನು ಗುಣಪಡಿಸುವ ವಿದ್ಯೆ ಹೊಸದಲ್ಲ. ಚರ್ಮದ ಕ್ಷಯಕ್ಕೆ ಬೆಳಕನ್ನು ಒಟ್ಟುಗೂಡಿಸಿ ಹಾಯಿಸಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. 1925ರಲ್ಲಿ ಅಮೆರಿಕದ ಗೋಕರ್‌ಮನ್ ಎಂಬ ವೈದ್ಯರು ಕಲ್ಲಿದ್ದಲ ಡಾಂಬರಿನ ಮುಲಾಮು ಹಚ್ಚಿ ನೇರಳಾತೀತ ಕಿರಣ ಕೊಡುವ ಕ್ರಮವನ್ನು ಸೋರಿಯಾಸಿಸ್‌ಗಾಗಿ ರೂಪಿಸಿದರು. ಆದರೆ ಇಂದು ನಾವು ನಿಲ್ಲುವ ದೀಪಗಳ ಹಿಂದಿರುವ ತಿಳಿವು 1981ರದ್ದು: 290 ನ್ಯಾನೋಮೀಟರ್ (ಬೆಳಕಿನ ತರಂಗದ ಉದ್ದವನ್ನು ಅಳೆಯುವ ಅತಿ ಸಣ್ಣ ಮಾನ) ಮತ್ತು ಅದಕ್ಕಿಂತ ಚಿಕ್ಕ ತರಂಗಗಳು ಚರ್ಮವನ್ನು ಸುಡುತ್ತವೆಯೇ ಹೊರತು ಈ ರೋಗವನ್ನು ಇಳಿಸುವುದಿಲ್ಲ, 300ರಿಂದ 313ರ ಆಸುಪಾಸಿನವು ಇಳಿಸುತ್ತವೆ ಎಂದು ಪ್ಯಾರಿಶ್ ಎಂಬ ಚರ್ಮತಜ್ಞರು ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಸುಡುವ ಭಾಗವನ್ನು ಆದಷ್ಟು ಬಿಟ್ಟು, 311 ನ್ಯಾನೋಮೀಟರಿನ ಸುತ್ತಲಿನ ಕಿರಿದಾದ ಪಟ್ಟಿಯನ್ನು ಮಾತ್ರ ಸೂಸುವ ಕೊಳವೆ ದೀಪಗಳು ಬಂದದ್ದು ಅದರ ನಂತರ. ಇವೂ ಸುಡದಂಥ ದೀಪಗಳಲ್ಲ; ಸುಡುವುದಕ್ಕೂ ಗುಣಪಡಿಸುವುದಕ್ಕೂ ನಡುವೆ ಸ್ವಲ್ಪ ಜಾಗ ಮಾಡಿಕೊಟ್ಟವು, ಅಷ್ಟೆ.

ಚಿಕಿತ್ಸೆಗೆ ಮೊದಲು ವೈದ್ಯೆ ಕೇಳಿದ ಪ್ರಶ್ನೆಗಳ ಪಟ್ಟಿ ಉದ್ದವಾಗಿತ್ತು. ಬಿಸಿಲಿಗೆ ಹೋದರೆ ಮುಖದಲ್ಲಿ ದದ್ದು ಏಳುತ್ತದೆಯೇ, ಕೀಲುನೋವು ಇದೆಯೇ, ಮನೆಯಲ್ಲಿ ಯಾರಿಗಾದರೂ ಚರ್ಮದ ಕ್ಯಾನ್ಸರ್ ಆಗಿತ್ತೇ, ಬಿಸಿಲುಗಾಲದಲ್ಲಿ ಮಚ್ಚೆಗಳು ಕಡಿಮೆಯಾಗುತ್ತವೆಯೋ ಹೆಚ್ಚಾಗುತ್ತವೆಯೋ. ಕೊನೆಯ ಪ್ರಶ್ನೆಯ ಮಹತ್ವವನ್ನು ಅವರೇ ವಿವರಿಸಿದರು. ಸೋರಿಯಾಸಿಸ್ ಇರುವ ಹೆಚ್ಚಿನವರಿಗೆ ಬಿಸಿಲು ಹಿತವಾದರೂ ಸಣ್ಣ ಪಾಲಿನವರಿಗೆ ಅದೇ ರೋಗವನ್ನು ಕೆರಳಿಸುತ್ತದೆ. ಅಂಥವರನ್ನು ದೀಪದ ಮುಂದೆ ನಿಲ್ಲಿಸುವ ಮೊದಲು ಎರಡು ಬಾರಿ ಯೋಚಿಸಬೇಕಾಗುತ್ತದೆ. ದೇಹದ ರಕ್ಷಣಾ ಕಣಗಳು ದೇಹದ ಮೇಲೆಯೇ ತಿರುಗಿಬೀಳುವ, ಬಿಸಿಲಿಗೆ ಕೆರಳುವ ಲೂಪಸ್ ಎಂಬ ರೋಗ ಇರುವವರಿಗಂತೂ ನೇರಳಾತೀತ ಕಿರಣ ಸಲ್ಲದು. ಅದಕ್ಕಾಗಿ ರಕ್ತಪರೀಕ್ಷೆಯನ್ನೂ ಮಾಡಿಸಿದರು.

ಆ ಮೇಲೆ ನಾನು ತಿನ್ನುವ ಮಾತ್ರೆಗಳ, ಹಚ್ಚುವ ಎಣ್ಣೆಗಳ ವಿಚಾರ ಬಂತು. ಅದೇ ದಿನಗಳಲ್ಲಿ ಊರಿನಿಂದ ಬಂದಿದ್ದ ನನ್ನ ಚಿಕ್ಕಮ್ಮ ಬಾವಂಚಿ ಬೀಜದ ಎಣ್ಣೆಯ ಸೀಸೆಯೊಂದನ್ನು ತಂದಿದ್ದರು. "ಇದನ್ನು ಹಚ್ಚಿ ಬೆಳಗಿನ ಬಿಸಿಲಿಗೆ ಸ್ವಲ್ಪ ಹೊತ್ತು ಕೂತುಕೋ ಮಾರಾಯ್ತಿ, ನಮ್ಮಲ್ಲಿ ಬಿಳಿ ಕಲೆಗೆಲ್ಲ ಕೊಡುವುದು ಇದನ್ನೇ" ಎಂಬ ಅವರ ಮಾತು ಸುಳ್ಳಲ್ಲ. ತೊನ್ನಿಗೆ ಬಾವಂಚಿಯ ಬಳಕೆ ಆಯುರ್ವೇದದಲ್ಲಿ ಬಹಳ ಹಿಂದಿನಿಂದ ಇದೆ. ಸೀಸೆಯನ್ನು ವೈದ್ಯೆಗೆ ತೋರಿಸಿದೆ. ಅವರು ಅದನ್ನು ಹೀಗಳೆಯಲಿಲ್ಲ. ಅದರಲ್ಲಿರುವ ಸೋರಲೆನ್ ಎಂಬ ವಸ್ತು ಚರ್ಮವನ್ನು ಬೆಳಕಿಗೆ ಅತಿಯಾಗಿ ಸ್ಪಂದಿಸುವಂತೆ ಮಾಡುತ್ತದೆ, ಆ ಗುಂಪಿನ ಮಾತ್ರೆಯನ್ನು ಕೊಟ್ಟು ಉದ್ದ ತರಂಗದ ನೇರಳಾತೀತ ಕಿರಣ ಹಾಯಿಸುವ ಬೇರೊಂದು ಚಿಕಿತ್ಸೆಯನ್ನು ಆಸ್ಪತ್ರೆಗಳು 1970ರ ದಶಕದಿಂದಲೂ ನಡೆಸುತ್ತಿವೆ, ಆದರೆ ಅಲ್ಲಿ ಮಾತ್ರೆಗೂ ಬೆಳಕಿಗೂ ಅಳತೆ ಇರುತ್ತದೆ, ಈ ಎಣ್ಣೆ ಹಚ್ಚಿಕೊಂಡು ಮುಂಬೈಯ ಬಿಸಿಲಿನಲ್ಲಿ ಸ್ಟೇಷನ್ನಿನವರೆಗೆ ನಡೆದರೆ ಎರಡಕ್ಕೂ ಅಳತೆ ಇರುವುದಿಲ್ಲ, ಬೊಬ್ಬೆ ಏಳಬಹುದು ಎಂದರು. ಚಿಕ್ಕಮ್ಮನಿಗೆ ಇದನ್ನು ಹಾಗೆಯೇ ತಿಳಿಸಿದಾಗ ಅವರಿಗೆ ಬೇಸರವಾಗಲಿಲ್ಲ. ಮದ್ದಿಗೆ ಶಕ್ತಿ ಇರುವುದರಿಂದಲೇ ಬೇಡ ಎನ್ನುತ್ತಿದ್ದಾರೆ ಎಂಬುದು ಅವರಿಗೆ ಒಪ್ಪಿಗೆಯಾಯಿತು. ನಿಂಬೆರಸ ಮೈಗೆ ತಾಗಿದ ಮೇಲೆ ಬಿಸಿಲಿಗೆ ಹೋದರೂ ಇಂಥದೇ ಸುಟ್ಟ ಕಲೆ ಬೀಳಬಹುದೆಂದು ಅಂದೇ ನನಗೆ ತಿಳಿದದ್ದು.

ಮುಂದಿನದು ಚರ್ಮದ ಸಹನೆಯನ್ನು ಅಳೆಯುವ ಪರೀಕ್ಷೆ. ನಮ್ಮ ದೇಶದ ಅನೇಕ ಕಡೆ ಈ ಪರೀಕ್ಷೆ ಮಾಡದೆ, ಮೈಬಣ್ಣವನ್ನು ನೋಡಿ ಒಂದು ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ, ಆದರೆ ನನಗೆ ಪರೀಕ್ಷೆ ಮಾಡಿದರು. ಬಿಸಿಲು ಕಾಣದ ಸೊಂಟದ ಕೆಳಭಾಗದಲ್ಲಿ ಚೌಕದ ರಂಧ್ರಗಳಿರುವ ಹಾಳೆಯೊಂದನ್ನು ಅಂಟಿಸಿ, ಒಂದೊಂದು ಚೌಕಕ್ಕೂ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಕೊಟ್ಟು, ಮರುದಿನ ಅದೇ ಹೊತ್ತಿಗೆ ಬರಲು ಹೇಳಿದರು. ಸ್ಪಷ್ಟವಾಗಿ ಕೆಂಪಾದ ಚೌಕಗಳಲ್ಲಿ ಅತಿ ಕಡಿಮೆ ಬೆಳಕು ಬಿದ್ದದ್ದು ಯಾವುದೋ ಅದೇ ನಮ್ಮ ಚರ್ಮದ ಮಿತಿ. ಅದರ ಅರ್ಧಕ್ಕಿಂತ ತುಸು ಮೇಲೆ, ಹೆಚ್ಚೆಂದರೆ ನೂರಕ್ಕೆ ಎಪ್ಪತ್ತರಷ್ಟರಿಂದ ಚಿಕಿತ್ಸೆ ಆರಂಭಿಸುವುದು ವಾಡಿಕೆ. ಮರುದಿನದವರೆಗೆ ಕಾಯುವುದಕ್ಕೆ ಕಾರಣವಿದೆ: ಈ ಕಿರಣದ ಕೆಂಪು ಕೂಡಲೇ ಕಾಣುವುದಿಲ್ಲ, ಕೆಲವು ಗಂಟೆಗಳ ಬಳಿಕ ಏರತೊಡಗಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ಹೊತ್ತಿಗೆ ಪೂರ್ಣವಾಗುತ್ತದೆ. ದೀಪದ ಮುಂದೆ ನಿಂತಾಗ ಏನೂ ಆಗಲಿಲ್ಲ ಎಂಬುದನ್ನು ನೆಚ್ಚಿಕೊಳ್ಳುವಂತಿಲ್ಲ.

ನಮ್ಮಂಥ ಕಂದು ಮೈಯವರಿಗೆ ಇನ್ನೊಂದು ತೊಡಕಿದೆ. ಪುಸ್ತಕಗಳಲ್ಲಿ ಅಚ್ಚಾದ ಚಿತ್ರಗಳು ಬೆಳ್ಳಗಿನ ಚರ್ಮದ ಮೇಲೆ ಎದ್ದ ಗುಲಾಬಿ ಬಣ್ಣವನ್ನು ತೋರಿಸುತ್ತವೆ. ನನ್ನ ಮೈಯಲ್ಲಿ ಅದು ತಾಮ್ರದ ಛಾಯೆಯಂತೆ, ಕೆಲವೊಮ್ಮೆ ಬರೀ ಕಪ್ಪಿನಂತೆ ಕಾಣುತ್ತಿತ್ತು. ವೈದ್ಯೆ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು, ಬೆರಳಿನ ಹಿಂಬದಿಯಿಂದ ಮುಟ್ಟಿ ಬಿಸಿಯನ್ನು ನೋಡಿದರು. ನಾನೂ ಬಣ್ಣವನ್ನು ಹುಡುಕುವ ಬದಲು ಬಿಸಿ, ಬಿಗಿತ, ಬಟ್ಟೆ ತಾಗಿದಾಗಿನ ಉರಿ, ಇವನ್ನು ಗಮನಿಸತೊಡಗಿದೆ. ಕೆಂಪಾಗಲಿಲ್ಲವೆಂದು ನೆಮ್ಮದಿಯಾಗಿರುವ ಕಂದು ಮೈಯ ರೋಗಿಗಳಿಗೆ ಇದನ್ನು ಒತ್ತಿ ಹೇಳಬೇಕು.

ಚಿಕಿತ್ಸೆಯ ಕೋಣೆಯಲ್ಲಿ ಆಳೆತ್ತರದ ಪೆಟ್ಟಿಗೆಯೊಂದಿದೆ. ಒಳಗೋಡೆಗಳ ಉದ್ದಕ್ಕೂ ಕೊಳವೆ ದೀಪಗಳು. ಹೆಂಗಸರಿಗೆ ಬೇರೆ ವೇಳೆ, ಒಬ್ಬ ಸಿಸ್ಟರ್ ಜೊತೆಗಿರುತ್ತಾರೆ. ಕಣ್ಣಿಗೆ ಕಪ್ಪು ಕನ್ನಡಕ ಕಡ್ಡಾಯ. ಮುಖದಲ್ಲಿ ಮಚ್ಚೆ ಇಲ್ಲದ್ದರಿಂದ ಮುಖಕ್ಕೆ ಬಟ್ಟೆ ಕಟ್ಟುತ್ತಿದ್ದೆ. ಒಳ ಉಡುಪು ಪ್ರತಿ ಸಲವೂ ಒಂದೇ ಅಳತೆಯದ್ದಾಗಿರಬೇಕು, ಕೂದಲನ್ನು ಒಂದೇ ರೀತಿ ಎತ್ತಿ ಕಟ್ಟಿರಬೇಕು ಎಂಬ ಸೂಚನೆ ಮೊದಲಿಗೆ ವಿಚಿತ್ರವೆನಿಸಿತು. ಆದರೆ ವಾರಗಟ್ಟಲೆ ಬೆಳಕು ಕಂಡ ಚರ್ಮ ದಪ್ಪವಾಗಿ, ಬಣ್ಣ ಏರಿಸಿಕೊಂಡು ತಾಳಿಕೆ ಬೆಳೆಸಿಕೊಂಡಿರುತ್ತದೆ. ಮುಚ್ಚಿದ್ದ ಚರ್ಮಕ್ಕೆ ಅದಿಲ್ಲ. ಎರಡು ಬೆರಳಗಲ ಹೊಸ ಚರ್ಮ ಒಮ್ಮೆಗೇ ಹೊರಬಿದ್ದರೆ ಮೈಯ ಉಳಿದ ಭಾಗಕ್ಕೆ ಹಿತವಾಗುವ ಪ್ರಮಾಣವೇ ಅಲ್ಲಿ ಸುಡುತ್ತದೆ.

ಒಳಗೆ ಹೋಗುವ ಮೊದಲು ಮಚ್ಚೆಗಳಿಗೆ ತೆಂಗಿನೆಣ್ಣೆಯನ್ನು ತೆಳುವಾಗಿ ಸವರುತ್ತಿದ್ದೆ. ಒಣ ಹೊಟ್ಟು ಬೆಳಕನ್ನು ಚದುರಿಸುತ್ತದೆ, ಎಣ್ಣೆ ತಾಗಿದರೆ ಬೆಳಕು ಒಳಗಿಳಿಯುತ್ತದೆ. ದಪ್ಪವಾಗಿ ಬಳಿದರೆ ಎಣ್ಣೆಯೇ ತಡೆಯಾಗುತ್ತದೆ. ಹೊಟ್ಟು ತೆಗೆಯಲು ಕೊಟ್ಟಿದ್ದ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನು ಮಾತ್ರ ಆ ದಿನ ಬೆಳಿಗ್ಗೆ ಹಚ್ಚಕೂಡದು, ಅದು ಈ ಕಿರಣವನ್ನು ಹೀರಿಕೊಳ್ಳುತ್ತದೆ. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದುಕೊಂಡು ಬರಬೇಕು.

ಪ್ರಮಾಣದ ಲೆಕ್ಕವನ್ನು ಸಿಸ್ಟರ್ ನನಗೆ ಹಾಳೆಯ ಮೇಲೆ ಬರೆದು ತೋರಿಸಿದರು. ಮಕ್ಕಳಿಗೆ ಗಣಿತ ಹೇಳಿಕೊಡುವವಳಾದ ನನಗೆ ಅದು ಬಹಳ ಹಿಡಿಸಿತು. ಚರ್ಮದ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಶಕ್ತಿಯನ್ನು ಮಿಲಿಜೂಲಿನಲ್ಲಿ ಹೇಳುತ್ತಾರೆ. ನನಗೆ 300ರಿಂದ ಆರಂಭಿಸಿದರು. ದೀಪದ ತೀವ್ರತೆ 5 ಮಿಲಿವ್ಯಾಟ್, ಅಂದರೆ ಸೆಕೆಂಡಿಗೆ 5 ಮಿಲಿಜೂಲ್ ಇದ್ದರೆ 300 ಮಿಲಿಜೂಲ್ ತಲುಪಲು 60 ಸೆಕೆಂಡು ಸಾಕು. ಕೊಳವೆಗಳು ಹಳತಾಗಿ ತೀವ್ರತೆ 4ಕ್ಕೆ ಇಳಿದರೆ 75 ಸೆಕೆಂಡು ಬೇಕು. ತಿರುವುಮುರುವಾಗಿ, ಹೊಸ ಕೊಳವೆ ಹಾಕಿದ ಮೇಲೂ ಹಳೆಯ ಸೆಕೆಂಡುಗಳನ್ನೇ ಹಿಡಿದರೆ ರೋಗಿ ಸುಡುತ್ತಾನೆ. ಹಾಗಾಗಿ ಕೇಸ್ ಪೇಪರಿನಲ್ಲಿ ಬರೆಯಬೇಕಾದದ್ದು ಮುಖ್ಯವಾಗಿ ಮಿಲಿಜೂಲ್, ನಿಮಿಷವಲ್ಲ. ಆಸ್ಪತ್ರೆ ಬದಲಿಸುವವರು "ನನಗೆ ಎರಡು ನಿಮಿಷ ಕೊಡುತ್ತಿದ್ದರು" ಎಂದು ಹೇಳಿದರೆ ಅದರಿಂದ ಹೊಸ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ವಾರಕ್ಕೆ ಮೂರು ಬಾರಿ, ನಡುವೆ ಒಂದು ದಿನವಾದರೂ ಬಿಟ್ಟು. ಪ್ರತಿ ಬಾರಿಯೂ ಸಿಸ್ಟರ್ ಕೇಳುವುದು ಒಂದೇ ಪ್ರಶ್ನೆ: ಹಿಂದಿನ ಬಾರಿಯ ನಂತರ ಏನಾಯಿತು? ಏನೂ ಆಗದಿದ್ದರೆ ಪ್ರಮಾಣವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಏರಿಸುತ್ತಾರೆ. ತುಸು ಬಿಸಿಯಾಗಿ ಮರುದಿನಕ್ಕೆ ಇಳಿದಿದ್ದರೆ ಅದೇ ಪ್ರಮಾಣ ಇನ್ನೊಮ್ಮೆ. ಎದ್ದು ಕಾಣುವ ಕೆಂಪು ಇನ್ನೂ ಉಳಿದಿದ್ದರೆ ಆ ದಿನ ಬೆಳಕಿಲ್ಲ, ಮನೆಗೆ ವಾಪಸು. ನೋವು, ಊತ, ಬೊಬ್ಬೆ ಇದ್ದರೆ ವೈದ್ಯೆಯೇ ನೋಡಬೇಕು. ಮೂರು ಗಂಟೆ ರೈಲಿನಲ್ಲಿ ನುಗ್ಗಾಡಿ ಬಂದವರಿಗೆ "ಇವತ್ತು ಬೇಡ, ಹೋಗಿ" ಎಂದು ಕೇಳಿಸಿಕೊಳ್ಳುವುದು ಕಷ್ಟ. ಅರ್ಧ ದಿನದ ರಜೆ ವ್ಯರ್ಥವಾಗಬಾರದೆಂದು ಉರಿಯನ್ನು ಮುಚ್ಚಿಟ್ಟು "ಏನೂ ಆಗಲಿಲ್ಲ" ಎನ್ನುವವರನ್ನು ನಾನು ಸಾಲಿನಲ್ಲಿ ಕಂಡಿದ್ದೇನೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಉತ್ತರದ ಮೇಲೆಯೇ ಮುಂದಿನ ಪ್ರಮಾಣ ನಿಲ್ಲುತ್ತದೆ. ಸುಟ್ಟ ಚರ್ಮದ ಮೇಲೆ ಹೊಸದಾಗಿ ಸೋರಿಯಾಸಿಸ್ ಏಳುವ ಸ್ವಭಾವವೂ ಈ ರೋಗಕ್ಕೆ ಇರುವುದರಿಂದ ಒಂದು ದಿನವನ್ನು ಉಳಿಸಲು ಹೋಗಿ ತಿಂಗಳನ್ನು ಕಳೆದುಕೊಳ್ಳಬೇಕಾಗಬಹುದು.

ಅದೇ ಸಾಲಿನಲ್ಲಿ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬಳ ಪರಿಚಯವಾಯಿತು. ದಾದರಿನಲ್ಲಿ ಹೂ ಮಾರುವವಳು. ಕನ್ನಡ ಕೇಳಿ ಹತ್ತಿರ ಬಂದವಳು ಒಂದು ದಿನ, "ಅಕ್ಕಾರ, ನಾ ದಿನಾ ಬಿಸಲಾಗೇ ಕುಂದರತೀನ್ರಿ. ಮತ್ತ ಈ ಪೆಟಗ್ಯಾಗ ಯಾಕ ನಿಂದರಬೇಕ್ರಿ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳ ಪರವಾಗಿ ನಾನು ವೈದ್ಯೆಯನ್ನು ಕೇಳಿದೆ. ನೆಲಕ್ಕೆ ತಲುಪುವ ನೇರಳಾತೀತ ಕಿರಣದಲ್ಲಿ ಹೆಚ್ಚಿನ ಪಾಲು ಉದ್ದ ತರಂಗದ್ದು, ನಮಗೆ ಬೇಕಾದ ತರಂಗದ ಪಾಲು ಬಹಳ ಸಣ್ಣದು. ಅದೂ ಬೆಳಿಗ್ಗೆ ಮತ್ತು ಸಂಜೆ ತೀರ ಕಡಿಮೆಯಾಗಿ, ನಡುಹಗಲಿಗೆ ಏರಿ, ಮೋಡ ಬಂದಾಗ ಬದಲಾಗುತ್ತದೆ. ಅವಳ ಮಚ್ಚೆಗಳು ಬೆನ್ನು ಮತ್ತು ತೊಡೆಗಳಲ್ಲಿ, ಬಿಸಿಲು ಬೀಳುವುದು ಮುಖ ಮತ್ತು ಮುಂಗೈಗಳ ಮೇಲೆ. ಇದನ್ನೆಲ್ಲ ಕೇಳಿದ ಮೇಲೆ ಅವಳು ಕೇಳಿದ ಮರುಪ್ರಶ್ನೆ ಇನ್ನೂ ಚೆನ್ನಾಗಿತ್ತು: ಹಾಗಾದರೆ ಚಿಕಿತ್ಸೆಯ ದಿನ ಬಿಸಿಲಲ್ಲಿ ಕೂತರೆ ಎರಡೂ ಕೂಡುವುದಿಲ್ಲವೇ? ಕೂಡುತ್ತದೆ. ಚಿಕಿತ್ಸೆಯ ದಿನ ಚರ್ಮಕ್ಕೆ ಅದರ ಪಾಲಿನ ಬೆಳಕು ಸಂದಿರುತ್ತದೆ. ಅವಳು ಅಂದಿನಿಂದ ಆ ದಿನಗಳಲ್ಲಿ ಉದ್ದ ತೋಳಿನ ರವಿಕೆ ತೊಟ್ಟು, ಬುಟ್ಟಿಯನ್ನು ಸೇತುವೆಯ ನೆರಳಿನ ಬದಿಗೆ ಸರಿಸಿಕೊಂಡಳು. ಅಲ್ಲಿ ವ್ಯಾಪಾರ ಕಡಿಮೆ ಎಂಬುದನ್ನು ವೈದ್ಯಕೀಯ ಸಲಹೆ ಕೊಡುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ನಾನು ಛತ್ರಿ ಹಿಡಿದು ಶಾಲೆಗೆ ಹೋಗುತ್ತಿದ್ದೆ, ನನ್ನದು ಸುಲಭದ ಪಥ್ಯ.

ಪ್ರಮಾಣ ಏರುತ್ತಾ ಹೋಗಿ ಬೆನ್ನಿನ ಮಚ್ಚೆಗಳು ತೆಳ್ಳಗಾಗಿದ್ದ ಸಮಯದಲ್ಲಿ ಒಂದು ಸಂಜೆ ಅಡುಗೆಮನೆಯಲ್ಲಿ ನಿಂತಿದ್ದಾಗ ಬೆನ್ನು ಹೊಟ್ಟೆ ಎರಡೂ ಬಿಗಿಯತೊಡಗಿದವು. ರಾತ್ರಿಯ ಹೊತ್ತಿಗೆ ಕಾದ ಹಂಚಿಗೆ ಮೈ ಒತ್ತಿದಂತೆ ಉರಿ. ಹಾಸಿಗೆಯ ಬಟ್ಟೆ ತಾಗುವುದೂ ಬೇಡವಾಗಿತ್ತು. ಯಜಮಾನರು ತಣ್ಣೀರಿನ ಬಟ್ಟೆ ಹಿಂಡಿ ಹಿಂಡಿ ಹಾಸಿದರು. ಮರುದಿನ ಆಸ್ಪತ್ರೆಗೆ ಹೋದಾಗ ಬೊಬ್ಬೆ ಇರಲಿಲ್ಲ, ಆದರೆ ಮುಟ್ಟಿದರೆ ನೋವು. ಸಿಸ್ಟರ್ ದೀಪದ ದಾಖಲೆ ತೆಗೆದು ನೋಡಿದರು; ಕೊಳವೆ ಬದಲಾಗಿರಲಿಲ್ಲ, ಪ್ರಮಾಣದ ಏರಿಕೆಯೂ ನಿಯಮದಂತೆಯೇ ಇತ್ತು. ವೈದ್ಯೆ ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ ಎಂದು ಕೇಳಿ, ನನ್ನ ಚೀಲದಲ್ಲಿದ್ದ ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನು ತೆಗೆಸಿ ನೋಡಿದರು. ಹಿಂದಿನ ವಾರ ಒತ್ತಡ ಏರಿತ್ತೆಂದು ನಮ್ಮ ಬಡಾವಣೆಯ ವೈದ್ಯರು ಮಾತ್ರೆಯನ್ನು ಸ್ವಲ್ಪ ಬದಲಿಸಿದ್ದರು. ಹೆಸರು ಹಳೆಯದೇ, ಕೊನೆಗೆ 'ಎಚ್' ಎಂಬ ಒಂದು ಅಕ್ಷರ ಮಾತ್ರ ಸೇರಿತ್ತು. ಆ ಅಕ್ಷರ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರವರ್ಧಕದ ಗುರುತು. ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಔಷಧಗಳಲ್ಲಿ ಅದೂ ಒಂದು.

ಅದೊಂದೇ ಕಾರಣವೆಂದು ವೈದ್ಯೆ ಹೇಳಲಿಲ್ಲ. ಪ್ರಮಾಣ ಏರಿಸುತ್ತಾ ಹೋದಾಗ ಯಾರಿಗಾದರೂ ಒಮ್ಮೆ ಹೀಗಾಗಬಹುದು, ಆದರೆ ಕಣ್ಣೆದುರಿಗಿರುವ ಕಾರಣವನ್ನು ಬಿಟ್ಟು ಮುಂದುವರಿಯುವುದು ಸರಿಯಲ್ಲ ಎಂದರು. ಕೆಲವು ಪ್ರತಿಜೀವಕಗಳು, ಅದರಲ್ಲೂ ಡಾಕ್ಸಿಸೈಕ್ಲಿನ್, ಕೆಲವು ನೋವಿನ ಔಷಧಗಳು ಕೂಡ ಇದೇ ಗುಂಪಿನವು. ಜ್ವರಕ್ಕೋ ಮೊಡವೆಗೋ ಬರೆದ ಚೀಟಿಯಲ್ಲಿ ಅವು ಸುಲಭವಾಗಿ ಬಂದುಬಿಡುತ್ತವೆ. ಬಡಾವಣೆಯ ವೈದ್ಯರಿಗೆ ಅವರು ಪತ್ರ ಬರೆದುಕೊಟ್ಟರು. ಅದರಲ್ಲಿ ಈ ಮೂತ್ರವರ್ಧಕ ಬೇಡವೆಂದು ಬರೆದದ್ದಲ್ಲದೆ, ಅದರ ಬದಲಿಗೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಯನ್ನು ಕೊಡಬೇಡಿ, ಅದು ಸೋರಿಯಾಸಿಸನ್ನೇ ಕೆರಳಿಸಬಲ್ಲದು ಎಂದೂ ಸೇರಿಸಿದ್ದರು. ಬಡಾವಣೆಯ ವೈದ್ಯರು ಗಮನವಿಟ್ಟು ಓದಿ, ಎರಡೂ ಅಲ್ಲದ ಮಾತ್ರೆ ಕೊಟ್ಟರು. ನಾನಾಗಿ ಮಾತ್ರೆ ನಿಲ್ಲಿಸಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಯಾರೂ ಹಾಗೆ ನಿಲ್ಲಿಸಬಾರದು.

ಉರಿ ಪೂರ್ತಿ ಇಳಿದ ಮೇಲೆ, ಕೊನೆಯ ಪ್ರಮಾಣದ ಅರ್ಧದಿಂದ ಮತ್ತೆ ಆರಂಭಿಸಿದರು, ಏರಿಕೆಯನ್ನು ನೂರಕ್ಕೆ ಹತ್ತಕ್ಕೆ ಇಳಿಸಿದರು. ಮಳೆಗಾಲದಲ್ಲಿ ಹಳಿಗಳ ಮೇಲೆ ನೀರು ನಿಂತು ರೈಲು ನಿಂತಾಗ ನಡುವೆ ಬಿಡುವು ಬಿದ್ದದ್ದೂ ಉಂಟು. ಆಗಲೂ ಹಿಂದಿನ ಪ್ರಮಾಣಕ್ಕೆ ನೇರವಾಗಿ ಹೋಗುವುದಿಲ್ಲ. ಒಂದು ವಾರ ತಪ್ಪಿದರೆ ಪ್ರಮಾಣವನ್ನು ಏರಿಸದೆ ಅದನ್ನೇ ಕೊಡುವುದು ಅಥವಾ ತುಸು ಇಳಿಸುವುದು, ಹೆಚ್ಚು ವಾರ ತಪ್ಪಿದರೆ ಇನ್ನಷ್ಟು ಕೆಳಗೆ, ತಿಂಗಳು ಮೀರಿದರೆ ಮೊದಲಿನಿಂದ. ಚರ್ಮ ಗಳಿಸಿದ ತಾಳಿಕೆ ಬೆಳಕಿಲ್ಲದೆ ಹೋದರೆ ಕರಗುತ್ತದೆ.

ಬೆನ್ನು, ಹೊಟ್ಟೆ ಮೊದಲು ತಿಳಿಯಾದವು. ಮೊಣಕಾಲು, ಮೊಣಕೈಗಳ ಮಚ್ಚೆಗಳು ಬಹಳ ನಿಧಾನ. ತಲೆಯ ಮಚ್ಚೆಗಳಿಗೆ ಕೂದಲು ಅಡ್ಡಬರುವುದರಿಂದ ಪೆಟ್ಟಿಗೆಯಿಂದ ಏನೂ ಪ್ರಯೋಜನವಾಗಲಿಲ್ಲ, ಅದಕ್ಕೆ ದ್ರಾವಣವನ್ನೇ ಹಚ್ಚುತ್ತೇನೆ. ಮೈ ಒಂದು ಛಾಯೆ ಕಪ್ಪಾಯಿತು. ಮದುವೆಮನೆಯಲ್ಲಿ ಅದನ್ನು ಎತ್ತಿ ಹೇಳಿದವರಿಗೆ ನಾನು ತುರಿಕೆಯಿಲ್ಲದೆ ನಿದ್ದೆ ಮಾಡುತ್ತಿರುವ ವಿಷಯವನ್ನು ಹೇಳಿದೆ. ಕ್ಯಾನ್ಸರಿನ ಭಯವನ್ನು ಅನೇಕರು ಕೇಳುತ್ತಾರೆ. ಸೋರಲೆನ್ ಕೊಟ್ಟು ಮಾಡುವ ಚಿಕಿತ್ಸೆಯನ್ನು ಹಲವು ವರ್ಷ ಪಡೆದ ಬಿಳಿಯ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾದದ್ದು ನಿಜ. 311ರ ಈ ದೀಪಗಳ ವಿಷಯದಲ್ಲಿ ಇಲ್ಲಿಯವರೆಗಿನ ಅಧ್ಯಯನಗಳು ಅಂಥ ಸ್ಪಷ್ಟ ಏರಿಕೆಯನ್ನು ತೋರಿಸಿಲ್ಲ. ಆದರೂ ಜೀವಮಾನದ ಒಟ್ಟು ಲೆಕ್ಕವನ್ನು ಇಡಬೇಕೆಂಬುದು ಎಲ್ಲ ಕಡೆಯ ಶಿಸ್ತು.

ಸದ್ಯ ವೈದ್ಯೆ ಚಿಕಿತ್ಸೆಯನ್ನು ನಿಲ್ಲಿಸಿದ್ದಾರೆ. ರೋಗ ಮರಳಬಹುದು, ಮರಳಿದರೆ 300ರಿಂದಲೇ ಶುರು ಎಂದು ತಿಳಿಸಿದ್ದಾರೆ. ನನ್ನ ಬೆಳಕಿನ ಹಾಳೆಯಲ್ಲಿ ದಿನಾಂಕ, ಮಿಲಿಜೂಲ್, ಮರುದಿನದ ಚರ್ಮದ ಸ್ಥಿತಿ ಎಂಬ ಸಾಲುಗಳಿವೆ. ಅದರ ನಕಲನ್ನೂ ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪೂರ್ತಿ ಹೆಸರುಗಳನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ, ಬಡಾವಣೆಯ ವೈದ್ಯರ ಬಳಿಗೂ ಅದನ್ನೇ ಒಯ್ಯುತ್ತೇನೆ. ಹೂ ಮಾರುವ ಆ ಹೆಣ್ಣುಮಗಳಿಗೆ ಓದಲು ಬಾರದು. ಅವಳ ಮಗ ಏಳನೆಯ ತರಗತಿಯಲ್ಲಿದ್ದಾನೆ, ಅವನಿಗೆ ಹಾಳೆಯ ಸಾಲುಗಳನ್ನು ತುಂಬುವುದು ಹೇಗೆಂದು ತೋರಿಸಿಕೊಟ್ಟಿದ್ದೇನೆ.